ರಗ್ಬಿ ಆಡಿದ್ದಕ್ಕೇ ಸೇನೆಯಲ್ಲಿ ಹುದ್ದೆ ಸಿಕ್ಕಿತೇ?

ಪ್ರಶ್ನೆ: ಮಸ್ಸೂರಿಯಲ್ಲಿ ಹುಟ್ಟಿ ಸ್ಕಾಟ್ಲೆಂಡ್ ಪರ ರಗ್ಬಿ ಆಡಿದ ಹೆನ್ರಿ ರೆನ್ನಿ-ಟೇಲ್ಯರ್, ಆಟದಲ್ಲಿ ಹೆಸರು ಮಾಡಿದ್ದರಿಂದಲೇ ಸೇನಾಧಿಕಾರಿಯಾದನಂತೆ, ನಿಜವೇ?

ಉತ್ತರ: ಅಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಈ ಸಲ ಇಸವಿ ಸಮೇತ ಹೇಳುತ್ತೇನೆ, ದಯವಿಟ್ಟು ಬರೆದಿಟ್ಟುಕೊಳ್ಳಿ. ಆತ ಬ್ರಿಟಿಷ್ ಸೇನೆಯ ರಾಯಲ್ ಎಂಜಿನಿಯರ್ಸ್ ದಳದ ಅಧಿಕಾರಿಯಾದದ್ದು 1870ರಲ್ಲಿ. ಸ್ಕಾಟ್ಲೆಂಡ್ ಪರ ರಗ್ಬಿ ಆಡಿದ್ದು 1872ರ ಫೆಬ್ರವರಿ 5ರಂದು, ಲಂಡನ್ನಿನ ಓವಲ್ ಮೈದಾನದಲ್ಲಿ. ಮೊದಲೇ ಸಿಕ್ಕಿದ್ದ ಹುದ್ದೆಗೆ ಆಮೇಲೆ ಆಡಿದ ಪಂದ್ಯ ಕಾರಣವಾಗುವುದು ಹೇಗೆ?

ನಮ್ಮ ರೈಲ್ವೆ, ಪೊಲೀಸ್ ಇಲಾಖೆಗಳ ಕ್ರೀಡಾ ಕೋಟಾ ನೋಡಿದವರು ಆ ಕಾಲಕ್ಕೂ ಅದನ್ನೇ ಅನ್ವಯಿಸಿಬಿಡುತ್ತಾರೆ. ಆಗ ರಗ್ಬಿ ಆಡಿದರೆ ಬಿಡಿಗಾಸೂ ಸಿಗುತ್ತಿರಲಿಲ್ಲ. ಎಡಿನ್‌ಬರೋದಲ್ಲಿ 1871ರ ಮಾರ್ಚ್ 27ರಂದು ಶುರುವಾದ ಅಂತರರಾಷ್ಟ್ರೀಯ ರಗ್ಬಿಗೆ ಇನ್ನೂ ವರ್ಷ ತುಂಬಿರಲಿಲ್ಲ. ತಂಡಕ್ಕೆ 20 ಜನ. ‘ಟ್ರೈ’ ಮಾಡಿದರೂ, ಅಂದರೆ ಎದುರಾಳಿಯ ಗೋಲುಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೂ ಅಂಕವಿಲ್ಲ, ಗೋಲಿಗೆ ಒದೆಯುವ ಅವಕಾಶವಷ್ಟೇ. ಅಂಥ ಆಟ ನೋಡಿ ಯಾರು ಹುದ್ದೆ ಕೊಟ್ಟಾರು?

ಹಾಗಾದರೆ ದುಡ್ಡು ಕೊಟ್ಟು ಕೊಂಡಿರಬೇಕು ಎನ್ನುವವರೂ ಇದ್ದಾರೆ. ಅದೂ ತಪ್ಪು. ಬ್ರಿಟಿಷರ ಕಾಲಾಳು ಪಡೆ, ಅಶ್ವದಳಗಳಲ್ಲಿ 1871ರವರೆಗೆ ಅಧಿಕಾರಿ ಹುದ್ದೆಗಳು ಮಾರಾಟಕ್ಕಿದ್ದವು, ನಿಜ. ಎಂಜಿನಿಯರ್ಸ್ ದಳದಲ್ಲಿ ಆ ಪದ್ಧತಿಯೇ ಇರಲಿಲ್ಲ. ಅದರ ಅಧಿಕಾರಿಯಾಗಲು ವುಲಿಚ್‌ನ ಸೇನಾ ಅಕಾಡೆಮಿಗೆ ಪರೀಕ್ಷೆ ಬರೆದೇ ಸೇರಬೇಕಿತ್ತು. ಅಲ್ಲಿ ಗಣಿತ, ಕೋಟೆ ಕಟ್ಟುವ ವಿದ್ಯೆ ಕಲಿಯಬೇಕಿತ್ತು. ಮೇಲಿನ ಸ್ಥಾನ ಪಡೆದವರು ಎಂಜಿನಿಯರ್ಸ್‌ಗೆ, ಉಳಿದವರು ಫಿರಂಗಿ ದಳಕ್ಕೆ. ಓದಿ ಗಳಿಸಿದ ಹುದ್ದೆಯನ್ನು ಆಟದ ಖಾತೆಗೆ ಬರೆಯುವುದು ಆತನಿಗೆ ಮಾಡುವ ಅನ್ಯಾಯ.

ಸೇನೆಗೆ ಸೇರಿದ್ದರಿಂದ ಆಟಕ್ಕೆ ಅನುಕೂಲವಾಯಿತು ಎಂದರೆ ಒಪ್ಪುತ್ತೇನೆ. ಇಂಗ್ಲೆಂಡಿನ ಫುಟ್‌ಬಾಲ್ ಪಂದ್ಯಾವಳಿಯಾದ ಎಫ್‌ಎ ಕಪ್‌ನ 1872ರ ಮೊಟ್ಟಮೊದಲ ಫೈನಲ್‌ನಲ್ಲಿ ಸೋತ, 1875ರಲ್ಲಿ ಕಪ್ ಗೆದ್ದ ಎಂಜಿನಿಯರ್ಸ್ ಫುಟ್‌ಬಾಲ್ ತಂಡಗಳೆರಡರಲ್ಲೂ ಆತ ಇದ್ದ. ಕರ್ನಲ್ ಆಗಿ ನಿವೃತ್ತನಾದ ಮೇಲೆ ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಯಲ್ಲಿ ದುಡಿದು, 1920ರಲ್ಲಿ ತೀರಿಕೊಂಡ.

ಯಾರೂ ಕೇಳದ ಇನ್ನೊಂದು ಸಂಗತಿ ಇದೆ, ನನಗೆ ಬಲು ಇಷ್ಟವಾದದ್ದು. 1873ರ ಮಾರ್ಚ್ 8ರಂದು ಅದೇ ಓವಲ್‌ನಲ್ಲಿ ಇಂಗ್ಲೆಂಡ್-ಸ್ಕಾಟ್ಲೆಂಡ್ ಫುಟ್‌ಬಾಲ್ ಪಂದ್ಯ. ಹಿಂದಿನ ನವೆಂಬರ್‌ನಲ್ಲಿ ಗ್ಲಾಸ್ಗೋದಲ್ಲಿ ನಡೆದ ಮೊದಲ ಅಧಿಕೃತ ಪಂದ್ಯದಲ್ಲಿ ಗೋಲೇ ಬಿದ್ದಿರಲಿಲ್ಲ. ಈ ಸಲ ಇಂಗ್ಲೆಂಡಿನ ಮೊದಲ ಗೋಲು ಹೊಡೆದವನು ವಿಲಿಯಂ ಕೆನ್ಯನ್-ಸ್ಲೇನಿ. ಅವನೂ ಸೇನಾಧಿಕಾರಿ, ಹುಟ್ಟಿದ್ದು ನಮ್ಮ ರಾಜ್‌ಕೋಟ್‌ನಲ್ಲಿ. ಸ್ಕಾಟ್ಲೆಂಡಿನ ಮೊದಲ ಗೋಲು ನಮ್ಮ ಮಸ್ಸೂರಿಯವನದು. ಪಂದ್ಯ 4-2ರಲ್ಲಿ ಇಂಗ್ಲೆಂಡ್ ಪಾಲಾಯಿತು. ರಸಪ್ರಶ್ನೆ ನಡೆಸುವ ಮೇಷ್ಟ್ರುಗಳು ಮಕ್ಕಳಿಗೆ ಇದನ್ನು ಕೇಳಲಿ.