ಸೇವೆಯನ್ನು ರೂಪಿಸುವಲ್ಲಿ, ಅಳೆಯುವಲ್ಲಿ ಜನರ ಪಾಲು: ಅಧ್ಯಯನ ಟಿಪ್ಪಣಿ

ಸಮುದಾಯ ಸೇವೆಗಳ ಚರ್ಚೆಯಲ್ಲಿ ‘ಜನರ ಪಾಲ್ಗೊಳ್ಳುವಿಕೆ’ ಎಂಬ ಮಾತು ಬಂದಾಗಲೆಲ್ಲ, ಜನರನ್ನು ಯಾವ ಹಂತದಲ್ಲಿ ಕರೆಯಲಾಯಿತು ಎಂದು ಮೊದಲು ಕೇಳಬೇಕು. ಕಟ್ಟಡದ ನಕ್ಷೆ ಸಿದ್ಧವಾಗಿ, ಹಣ ಹಂಚಿಕೆಯಾಗಿ, ಬಾಗಿಲು ತೆರೆಯುವ ವೇಳೆಯೂ ನಿಗದಿಯಾದ ಮೇಲೆ ಸಭೆ ಸೇರಿಸಿ ಅಭಿಪ್ರಾಯ ಕೇಳಿದರೆ, ಬಂದವರಿಗೆ ಉಳಿದಿರುವ ಕೆಲಸ ತಲೆಯಾಡಿಸುವುದೊಂದೇ. ನಡಾವಳಿ ಪುಸ್ತಕದಲ್ಲಿ ಸಹಿಗಳ ಸಾಲು ಬೆಳೆಯುತ್ತದೆ, ಆದರೆ ಸೇವೆಯ ಒಂದು ಅಂಶವೂ ಬದಲಾಗುವುದಿಲ್ಲ.

ಈ ವ್ಯತ್ಯಾಸವನ್ನು ಗುರುತಿಸಲು ಶೆರಿ ಆರ್ನ್‌ಸ್ಟೈನ್ 1969ರಲ್ಲಿ ಪ್ರಕಟಿಸಿದ ಎಂಟು ಮೆಟ್ಟಿಲುಗಳ ಏಣಿ ಇಂದಿಗೂ ಬಳಕೆಯಲ್ಲಿದೆ. ಅಮೆರಿಕದ ನಗರಾಭಿವೃದ್ಧಿ ಯೋಜನೆಗಳನ್ನು ಒಳಗಿನಿಂದ ಕಂಡಿದ್ದ ಅವರು ತಳದ ಎರಡು ಮೆಟ್ಟಿಲುಗಳನ್ನು ಪಾಲ್ಗೊಳ್ಳುವಿಕೆಯೇ ಅಲ್ಲವೆಂದರು. ಮಾಹಿತಿ ನೀಡುವುದು, ಅಭಿಪ್ರಾಯ ಕೇಳುವುದು, ಸಮಾಧಾನಪಡಿಸುವುದು ಎಂಬ ನಡುವಿನ ಮೂರನ್ನು ತೋರಿಕೆಯದೆಂದು ಕರೆದರು. ಪಾಲುದಾರಿಕೆಯಿಂದ ಆರಂಭವಾಗುವ ಮೇಲಿನ ಮೂರರಲ್ಲಿ ಮಾತ್ರ ನಿರ್ಧಾರದ ಅಧಿಕಾರ ಜನರ ಕೈಸೇರುತ್ತದೆ ಎಂದರು. ಮೆಟ್ಟಿಲುಗಳ ಹೆಸರನ್ನು ಬಾಯಿಪಾಠ ಮಾಡುವುದಕ್ಕಿಂತ, ಅಭಿಪ್ರಾಯ ಸಂಗ್ರಹವು ಅವುಗಳಲ್ಲಿ ನಾಲ್ಕನೆಯದು ಮಾತ್ರ ಎಂಬುದನ್ನು ನೆನಪಿಡುವುದು ಮುಖ್ಯ, ಏಕೆಂದರೆ ಎಷ್ಟೋ ವರದಿಗಳು ಅದನ್ನೇ ತುತ್ತತುದಿಯೆಂದು ಬಗೆದು ಅಲ್ಲಿಗೇ ನಿಂತುಬಿಡುತ್ತವೆ.

ಜನರನ್ನು ಒಳಗೊಳ್ಳಲು ಎರಡು ಬೇರೆ ಬೇರೆ ಕಾರಣಗಳಿವೆ, ಅವನ್ನು ಬೆರೆಸಬಾರದು. ಒಂದು ಹಕ್ಕಿನದು. ತಮ್ಮ ಆರೋಗ್ಯ ಸೇವೆಯ ಯೋಜನೆಯಲ್ಲೂ ಅನುಷ್ಠಾನದಲ್ಲೂ ಪಾಲ್ಗೊಳ್ಳುವುದು ಜನರ ಹಕ್ಕೂ ಹೌದು, ಕರ್ತವ್ಯವೂ ಹೌದು ಎಂದು ಪ್ರಾಥಮಿಕ ಆರೋಗ್ಯ ಸೇವೆ ಕುರಿತ ಅಂತರರಾಷ್ಟ್ರೀಯ ಸಮ್ಮೇಳನ ಹೊರಡಿಸಿದ 1978ರ ಆಲ್ಮಾ ಆಟಾ ಘೋಷಣೆ ಹೇಳಿತು. ಇನ್ನೊಂದು, ಸೇವೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೇ ಸಂಬಂಧಿಸಿದ್ದು. ಅಮೆರಿಕದ ರಾಜಕೀಯ ವಿಜ್ಞಾನಿ ಎಲಿನಾರ್ ಆಸ್ಟ್ರಮ್ ಮತ್ತು ಅವರ ಸಹೋದ್ಯೋಗಿಗಳು 1970ರ ದಶಕದಲ್ಲಿ ಪೊಲೀಸ್ ಸೇವೆಯನ್ನು ಅಧ್ಯಯನ ಮಾಡುತ್ತ, ಸುರಕ್ಷತೆಯನ್ನು ಪೊಲೀಸರು ಒಬ್ಬರೇ ತಯಾರಿಸಿ ನಾಗರಿಕರಿಗೆ ಒಪ್ಪಿಸಲಾಗದು, ಅದರ ತಯಾರಿಕೆಯಲ್ಲಿ ನಿವಾಸಿಗಳ ಶ್ರಮವೂ ಸೇರಿರುತ್ತದೆ ಎಂಬುದನ್ನು ಕಂಡುಕೊಂಡರು. ಸಹ ಉತ್ಪಾದನೆ ಎಂಬ ಪರಿಕಲ್ಪನೆಯ ತಿರುಳು ಇದೇ. ಕಲಿಯುವವನು ಕಲಿಯದೆ ಶಿಕ್ಷಕ ಕಲಿಸಲಾರ. ರೋಗಿ ಮನೆಯಲ್ಲಿ ಔಷಧಿ ನುಂಗದೆ ಚಿಕಿತ್ಸೆ ಪೂರ್ಣವಾಗದು. ಹೀಗಿರುವಾಗ ಅರ್ಧ ಕೆಲಸ ಮಾಡುವವರನ್ನು ಹೊರಗಿಟ್ಟು ಯೋಜನೆ ಬರೆದರೆ ಆ ಯೋಜನೆಯೇ ಅರ್ಧವಾಗುತ್ತದೆ.

ರೂಪಿಸುವುದನ್ನೂ ಅಳೆಯುವುದನ್ನೂ ಒಂದೇ ಸರಪಳಿಯಲ್ಲಿ ಜೋಡಿಸಿದ ಉದಾಹರಣೆ ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರದ್ದು. 1989ರಲ್ಲಿ ಆರಂಭವಾದ ಅಲ್ಲಿನ, ನಗರದ ಹಣ ಯಾವ ಕೆಲಸಕ್ಕೆ ಹೋಗಬೇಕೆಂಬುದರಲ್ಲಿ ನಿವಾಸಿಗಳೂ ತೀರ್ಮಾನಿಸುವ ಜನಸಹಭಾಗಿತ್ವದ ಬಜೆಟ್‌ನಲ್ಲಿ, ವಿಭಾಗವಾರು ಸಭೆಗಳು ಹೊಸ ಬೇಡಿಕೆಗಳನ್ನು ಪಟ್ಟಿ ಮಾಡುವುದಕ್ಕೆ ಮುನ್ನ ಕಳೆದ ವರ್ಷ ಒಪ್ಪಿದ್ದ ಕಾಮಗಾರಿಗಳ ಲೆಕ್ಕವನ್ನು ಆಡಳಿತದಿಂದ ಕೇಳುತ್ತಿದ್ದವು. ಕೊಟ್ಟ ಮಾತಿನ ಲೆಕ್ಕ ಮುಗಿಯದೆ ಮುಂದಿನ ಮಾತು ಆರಂಭವಾಗುತ್ತಿರಲಿಲ್ಲ. 2004ರ ಚುನಾವಣೆಯ ನಂತರ ಬೇರೆ ಆಡಳಿತ ಬಂದು ಈ ವ್ಯವಸ್ಥೆ ಕ್ರಮೇಣ ಸೊರಗಿತು ಎಂಬುದನ್ನೂ ಇದರ ಜೊತೆಗೇ ಓದಬೇಕು.

ಮೌಲ್ಯಮಾಪನದ ಸಾಧನಗಳಲ್ಲಿ ಹೆಸರಿನಿಂದಾಗಿ ಗೊಂದಲ ಹುಟ್ಟಿಸುವ ಎರಡಿವೆ. ಒಂದು, ನಾಗರಿಕ ವರದಿ ಪತ್ರ. ಸ್ಯಾಮ್ಯುಯೆಲ್ ಪಾಲ್ ಅವರ ಮುಂದಾಳುತನದಲ್ಲಿ 1990ರ ದಶಕದ ಮೊದಲ ಭಾಗದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಇದು, ಮನೆಮನೆ ಸಮೀಕ್ಷೆಯ ಮೂಲಕ ನೀರು, ವಿದ್ಯುತ್ ಮುಂತಾದ ಸೇವೆಗಳಿಗೆ ಬಳಕೆದಾರರಿಂದ ಅಂಕ ಪಡೆದು ಬಹಿರಂಗಪಡಿಸುತ್ತದೆ. ಇನ್ನೊಂದು, ಸಮುದಾಯ ಅಂಕಪಟ್ಟಿ. 2002ರಲ್ಲಿ ಆಫ್ರಿಕಾದ ಮಲಾವಿಯಲ್ಲಿ ಕೇರ್ ಎಂಬ ಅಂತರರಾಷ್ಟ್ರೀಯ ನೆರವು ಸಂಸ್ಥೆ ಬೆಳೆಸಿದ ಈ ವಿಧಾನದಲ್ಲಿ ಸಮೀಕ್ಷೆಗಿಂತ ಸಭೆಯೇ ಮುಖ್ಯ: ಬಳಕೆದಾರರು ತಮ್ಮ ಸೂಚಕಗಳನ್ನು, ಅಂದರೆ ಸೇವೆಯನ್ನು ಅಳೆಯುವ ಅಂಶಗಳನ್ನು, ತಾವೇ ಆರಿಸಿ ಅಂಕ ಕೊಡುತ್ತಾರೆ, ಸಿಬ್ಬಂದಿ ಪ್ರತ್ಯೇಕವಾಗಿ ಕುಳಿತು ತಮ್ಮ ಕೆಲಸಕ್ಕೆ ತಾವೇ ಅಂಕ ಕೊಟ್ಟುಕೊಳ್ಳುತ್ತಾರೆ, ಬಳಿಕ ಎರಡೂ ಪಟ್ಟಿಗಳನ್ನು ಒಟ್ಟಿಗಿಟ್ಟು ಮುಖಾಮುಖಿ ಚರ್ಚಿಸಲಾಗುತ್ತದೆ.

ಆ ಮುಖಾಮುಖಿಯ ಬೆಲೆ ತಿಳಿಯಲು ಒಂದು ಆರೋಗ್ಯ ಕೇಂದ್ರವನ್ನು ಕಲ್ಪಿಸಿಕೊಳ್ಳೋಣ. ‘ಕಾಯುವ ಸಮಯ’ ಎಂಬ ಸಾಲಿನಲ್ಲಿ ಸಿಬ್ಬಂದಿ 5ಕ್ಕೆ 4 ಬರೆದಿದ್ದಾರೆ, ತಾಯಂದಿರ ಗುಂಪು 1 ಬರೆದಿದೆ. ಮೇಲುನೋಟಕ್ಕೆ ಯಾರೋ ಒಬ್ಬರು ಸುಳ್ಳು ಹೇಳುತ್ತಿರುವಂತೆ ಕಾಣುತ್ತದೆ. ಮಾತು ಬೆಳೆದ ಮೇಲೆ ತಿಳಿಯುವುದೇನೆಂದರೆ, ಸಿಬ್ಬಂದಿಯ ಗಡಿಯಾರ ಶುರುವಾಗುವುದು ನೋಂದಣಿ ಪುಸ್ತಕದಲ್ಲಿ ಹೆಸರು ಬರೆದ ಗಳಿಗೆಯಿಂದ; ತಾಯಿಯ ಗಡಿಯಾರ ಶುರುವಾಗುವುದು ಜ್ವರ ಬಂದ ಮಗುವನ್ನೆತ್ತಿಕೊಂಡು ಬಾಗಿಲು ತೆರೆಯುವ ಮುನ್ನವೇ ಸಾಲಿನಲ್ಲಿ ನಿಂತ ಗಳಿಗೆಯಿಂದ. ನಡುವಿನ ಆ ಹೊತ್ತು ಯಾವ ದಾಖಲೆಯಲ್ಲೂ ಇರಲಿಲ್ಲ. ಸೂಚಕವನ್ನು ಕಚೇರಿಯೇ ಬರೆದಿದ್ದರೆ ಅದು ಎಂದೂ ಬೆಳಕಿಗೆ ಬರುತ್ತಿರಲಿಲ್ಲ, ಆದ್ದರಿಂದಲೇ ಉತ್ತರಿಸುವ ಅವಕಾಶಕ್ಕಿಂತ ಪ್ರಶ್ನೆಯನ್ನು ರಚಿಸುವ ಅವಕಾಶ ದೊಡ್ಡದು ಎಂದು ನಾನು ಭಾವಿಸುತ್ತೇನೆ.

‘ಸ್ಥಳೀಯ ಜನ’ ಎಂಬುದು ಒಂದೇ ದನಿಯ ಗುಂಪಲ್ಲ. ಸಭೆಯಲ್ಲಿ ಮೊದಲು ಮಾತನಾಡಿದವರ ಅಭಿಪ್ರಾಯವೇ ಊರಿನ ಅಭಿಪ್ರಾಯವಾಗಿ ದಾಖಲಾಗುವುದನ್ನು ತಪ್ಪಿಸಲು ಹೆಂಗಸರು, ಹಿರಿಯರು, ಯುವಕರು, ಅಂಗವಿಕಲರು ಬೇರೆ ಬೇರೆ ಗುಂಪುಗಳಲ್ಲಿ ಅಂಕ ಕೊಡುವ ಏರ್ಪಾಡು ಬೇಕು; ದುಡಿಮೆಯ ವೇಳೆಯಲ್ಲಿ ಸಭೆ ಕರೆದರೆ ದಿನಗೂಲಿಯವರು ಬರಲಾರರು. ಇದಕ್ಕಿಂತ ಕಣ್ಣಿಗೆ ಬೀಳದ ಕೊರತೆ ಇನ್ನೊಂದಿದೆ. ಸೇವಾಕೇಂದ್ರದ ಬಾಗಿಲಲ್ಲಿ ನಡೆಸುವ ತೃಪ್ತಿ ಸಮೀಕ್ಷೆಗೆ ಸಿಗುವವರು ಇನ್ನೂ ಅಲ್ಲಿಗೆ ಬರುತ್ತಿರುವವರು. ನೊಂದು ಬರುವುದನ್ನೇ ಬಿಟ್ಟವರು ಆ ಲೆಕ್ಕದಲ್ಲಿ ಇರುವುದೇ ಇಲ್ಲ. ಅವರನ್ನು ಮನೆಯವರೆಗೆ ಹೋಗಿ ಕೇಳದ ಮೌಲ್ಯಮಾಪನವನ್ನು ನಾನು ನಂಬಲಾರೆ.

ಫಲಿತಾಂಶದ ಬಗ್ಗೆ ಎಚ್ಚರದಿಂದ ಬರೆಯಬೇಕು. ಉಗಾಂಡದ 50 ಸಮುದಾಯಗಳಲ್ಲಿ ಜನರೇ ಆರೋಗ್ಯ ಕೇಂದ್ರಗಳ ಮೇಲೆ ನಿಗಾ ಇಡುವ ಪ್ರಯೋಗದಲ್ಲಿ ಐದು ವರ್ಷದೊಳಗಿನ ಮಕ್ಕಳ ಸಾವು 33% ಕಡಿಮೆಯಾಯಿತೆಂದು 2009ರಲ್ಲಿ ಪ್ರಕಟವಾದಾಗ ಅದು ಬಹಳ ಭರವಸೆ ಮೂಡಿಸಿತು. ಅದೇ ದೇಶದಲ್ಲಿ 300ಕ್ಕೂ ಹೆಚ್ಚು ಕೇಂದ್ರಗಳಲ್ಲಿ ನಡೆದ ನಂತರದ ಅಧ್ಯಯನಕ್ಕೆ ಚಿಕಿತ್ಸೆಯ ಗುಣಮಟ್ಟದಲ್ಲಿ ಅಲ್ಪ ಸುಧಾರಣೆ ಕಂಡಿತೇ ಹೊರತು ಸಾವಿನ ಪ್ರಮಾಣದಲ್ಲಿ ಇಳಿಕೆ ಕಾಣಲಿಲ್ಲ. ಔಷಧಿಯ ಸರಬರಾಜು, ಸಿಬ್ಬಂದಿಯ ನೇಮಕಾತಿಯಂತಹ ವಿಷಯಗಳು ಆ ಕೇಂದ್ರದ ಕೈಯಲ್ಲೇ ಇರುವುದಿಲ್ಲ, ಹಾಗಾಗಿ ಸ್ಥಳೀಯ ಸಭೆ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅದರ ಅಹವಾಲು ಮೇಲಿನ ಹಂತಕ್ಕೆ ತಲುಪುವ ದಾರಿ ಇಲ್ಲದಿದ್ದರೆ ಅದು ಅಲ್ಲೇ ಉಳಿಯುತ್ತದೆ.

ಕೊನೆಯದಾಗಿ, ಪಠ್ಯಗಳಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗುವ ಮರುವರದಿಯ ಹಂತ. ಪ್ರತಿ ಸಲಹೆಯ ಮುಂದೆ ಅದನ್ನು ಒಪ್ಪಲಾಯಿತೇ, ಯಾರು ಯಾವಾಗ ಮಾಡುತ್ತಾರೆ, ಒಪ್ಪದಿದ್ದರೆ ಕಾರಣವೇನು ಎಂದು ಬರೆದು, ಓದಲು ಬಾರದವರಿಗೆ ಸಭೆಯಲ್ಲಿ ಓದಿ ಹೇಳಬೇಕು. ಕೆಲವು ತಿಂಗಳ ಬಳಿಕ ಎರಡನೆಯ ಸುತ್ತು ಸೇರಿದಾಗ ಹಳೆಯ ಅಂಕಪಟ್ಟಿಯನ್ನೇ ಗೋಡೆಗೆ ಹಚ್ಚಿ, ಸೂಚಕಗಳನ್ನು ಬದಲಿಸದೆ, ಅದರ ಪಕ್ಕದ ಖಾಲಿ ಕಂಬಸಾಲಿನಲ್ಲಿ ಹೊಸ ಅಂಕಗಳನ್ನು ತುಂಬಬೇಕು. ಆಗ ‘ಕಾಯುವ ಸಮಯ’ದ ಮುಂದೆ ತಾಯಂದಿರು ಬರೆದಿದ್ದ 1 ಈಗ ಎಷ್ಟಾಗಿದೆ ಎಂಬುದು ಎಲ್ಲರ ಕಣ್ಣಮುಂದಿರುತ್ತದೆ.