ಎಫ್ ಅಕ್ಷರದಲ್ಲಿ ಕಳೆದುಹೋದ ತಾಳಿ
ನನ್ನ ಅಕ್ಕನ ಮಗ ಮದುವೆಗಳ ವಿಡಿಯೋ ತೆಗೆಯುತ್ತಾನೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಅಂಗಡಿ ಅಂಗಡಿ ಸುತ್ತಿ, ಕೋರ್ ಐ5 12400ಎಫ್ ಪ್ರೊಸೆಸರ್, ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್ ಹಾಕಿಸಿ ಕಂಪ್ಯೂಟರ್ ಜೋಡಿಸಿಕೊಂಡು ಬಂದ. ಗೇಮ್‌ಗಳು ನೀರು ಹರಿದಂತೆ ಓಡಿದವು. ಕ್ಯಾಮೆರಾದ ಕ್ಲಿಪ್ಪನ್ನು ಎಡಿಟಿಂಗ್ ಸಾಫ್ಟ್‌ವೇರಿನ ಟೈಮ್‌ಲೈನ್‌ಗೆ ಎಳೆದರೆ ಮಾತ್ರ, ತಾಳಿ ಕಟ್ಟುವ ಕೈ ಅರ್ಧಕ್ಕೇ ನಿಂತು, ಎರಡು ಸೆಕೆಂಡ್ ಬಿಟ್ಟು ಮುಂದಕ್ಕೆ ಹಾರುತ್ತಿತ್ತು.

"ಮಾಮ, ಇನ್ನೂ ದೊಡ್ಡ ಕಾರ್ಡ್ ಬೇಕೇನೋ" ಎಂದ. ಬೇಕಿರಲಿಲ್ಲ. ದುಬಾರಿ ಕಾರ್ಡ್ ಹಾಕಿದರೆ ಎಲ್ಲವೂ ವೇಗ ಎಂಬ ನಂಬಿಕೆ ಸುಮ್ಮನೆ ಜನರ ದುಡ್ಡು ತಿನ್ನುತ್ತಿದೆ. ಗೇಮ್‌ನಲ್ಲಿ ಕಾರ್ಡಿನ ಕೆಲಸ ಚಿತ್ರ ಬರೆಯುವುದು. ಎಡಿಟಿಂಗ್‌ನಲ್ಲಿ ಮೊದಲ ಕೆಲಸವೇ ಬೇರೆ: ಕ್ಯಾಮೆರಾ ಕುಗ್ಗಿಸಿ ಮಡಚಿಟ್ಟ ವಿಡಿಯೋವನ್ನು ಬಿಚ್ಚುವುದು.

4ಕೆ ಫ್ರೇಮ್ ಒಂದರಲ್ಲಿ ಸುಮಾರು 83 ಲಕ್ಷ ಚುಕ್ಕಿಗಳು. ಚುಕ್ಕಿಗೆ 3 ಬೈಟ್, ಸೆಕೆಂಡಿಗೆ 30 ಫ್ರೇಮ್ ಎಂದರೂ ನಿಮಿಷಕ್ಕೆ ಹತ್ತಿರಹತ್ತಿರ 45 ಜಿಬಿ! ಅದನ್ನು ಕ್ಯಾಮೆರಾ ಒಂದೆರಡು ಜಿಬಿಗೆ ಇಳಿಸುತ್ತದೆ. ಹೇಗೆ? ವಿಡಿಯೋ ಕುಗ್ಗಿಸುವ ಎಚ್.265 ಎಂಬ ವಿಧಾನದಲ್ಲಿ ಒಂದು ಫ್ರೇಮ್ ಪೂರ್ತಿ ಬರೆದು, ಆಮೇಲೆ ಬದಲಾದದ್ದನ್ನಷ್ಟೇ ಬರೆಯುತ್ತಾರೆ. ನಿನ್ನೆಯ ರಂಗೋಲಿ ಹಾಗೇ ಬಿಟ್ಟು, ಅಳಿಸಿದ ಎಳೆ ಮಾತ್ರ ತಿದ್ದಿದಂತೆ. ಕಿರಾಣಿ ಅಂಗಡಿಯ ಸಾಲದ ಪುಸ್ತಕವೂ ಹೀಗೇ: 17ನೇ ತಾರೀಖಿನ ಬಾಕಿ ಬೇಕಾದರೆ 1ರಿಂದ ಕೂಡಿಸುತ್ತ ಬರಬೇಕು. ಕೆಲವು ಫ್ರೇಮ್‌ಗಳಂತೂ ಮುಂದಿನ ಪುಟವನ್ನೂ ನೋಡಿಯೇ ತಮ್ಮ ಲೆಕ್ಕ ಹೇಳುತ್ತವೆ. ನಾವು ಮೌಸ್ ಹಿಂದೆ ಮುಂದೆ ಎಳೆದಾಗಲೆಲ್ಲ ಈ ಕೂಡುವಿಕೆ ಹೊಸದಾಗಿ ಶುರು.

ಆ ಪೂರ್ತಿ ಫ್ರೇಮನ್ನು ಕುಗ್ಗಿಸುವ ಗಣಿತದ ಹಿಂದೆ ನಮ್ಮೂರಿನವರೇ ಇದ್ದಾರೆ. ಬೆಂಗಳೂರಿನಲ್ಲಿ ಹುಟ್ಟಿ, ಈಗ ಯುವಿಸಿಇ ಎನ್ನುವ ಎಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದ ನಾಸಿರ್ ಅಹ್ಮದ್, ನಟರಾಜನ್ ಮತ್ತು ಕೆ. ಆರ್. ರಾವ್ ಜೊತೆ 1974ರಲ್ಲಿ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಪ್ರಕಟಿಸಿದರು. ಚಿತ್ರದ ಪುಟ್ಟ ಚೌಕವನ್ನು ದಪ್ಪ ಅಲೆ, ಸಣ್ಣ ಅಲೆ ಎಂದು ಬಿಡಿಸಿ, ಕಣ್ಣಿಗೆ ಗೊತ್ತಾಗದ ಸಣ್ಣದನ್ನು ಬಿಟ್ಟುಬಿಡುವ ದಾರಿ ಅದರಿಂದ ತೆರೆಯಿತು. ಜೆಪೆಗ್ ಫೋಟೋದಿಂದ ಎಚ್.265ರವರೆಗೆ ಅದೇ ವಂಶ. ಇದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನ.

ಈಗ ಎಫ್ ಅಕ್ಷರಕ್ಕೆ ಬರೋಣ. ಬಿಚ್ಚುವ ಕೆಲಸಕ್ಕೆಂದೇ ಚಿಪ್‌ನೊಳಗೆ ಪ್ರತ್ಯೇಕ ಸರ್ಕ್ಯೂಟ್ ಇರುತ್ತದೆ. ತನಗೆ ಕಲಿಸಿದ ಮಡಿಕೆಗಳನ್ನಷ್ಟೇ ಅದು ಬಿಚ್ಚಬಲ್ಲದು. ಹುಡುಗನ ಕ್ಯಾಮೆರಾ ಬಣ್ಣವನ್ನು ಹೆಚ್ಚು ಉಳಿಸಿಕೊಳ್ಳುವ 4:2:2, 10 ಬಿಟ್ ಬಗೆಯಲ್ಲಿ ರೆಕಾರ್ಡ್ ಮಾಡುತ್ತಿತ್ತು. 4060ರ ಸರ್ಕ್ಯೂಟ್‌ಗೆ ಎಚ್.265ರ ಆ ಬಗೆ ಬರುವುದಿಲ್ಲ. ಆ ಕಾರ್ಡಿನ ಚಿಪ್ ಮಾಡುವ ಎನ್‌ವಿಡಿಯಾ ಅದನ್ನು ಸೇರಿಸಿದ್ದು ಮುಂದಿನ 50ರ ಸರಣಿಯಲ್ಲಿ. ಇಂಟೆಲ್‌ನ 12400 ಪ್ರೊಸೆಸರಿನ ಒಳಗೇ ಇರುವ ಗ್ರಾಫಿಕ್ಸ್‌ಗೆ ಅದು ಬರುತ್ತದೆ. ಹೆಸರಿನ ಕೊನೆಗೆ ಎಫ್ ಇದ್ದರೆ ಆ ಒಳಗಿನ ಗ್ರಾಫಿಕ್ಸೇ ಇಲ್ಲವೆಂದರ್ಥ! ಸ್ವಲ್ಪ ದುಡ್ಡು ಉಳಿಸಲು ಹೋಗಿ ಇಡೀ ಭಾರ ಪ್ರೊಸೆಸರ್ ಕೋರ್‌ಗಳ ತಲೆಗೆ ಬಿದ್ದಿತ್ತು.

ಉಳಿದದ್ದು ಸುಲಭ: 16 ಜಿಬಿಯ ಎರಡು ರ‍್ಯಾಮ್, ಫೈಲ್ ಇಡಲು ಒಂದು ವೇಗದ ಎನ್‌ವಿಎಂಇ ಎಸ್‌ಎಸ್‌ಡಿ, ಒಳ್ಳೆಯ ಪವರ್ ಸಪ್ಲೈ. ಕ್ಯಾಮೆರಾ ಯಾವ ಬಗೆಯ ಫೈಲ್ ಕೊಡುತ್ತದೆಂದು ಮಾತ್ರ ಕೊಳ್ಳುವ ಮೊದಲೇ ನೋಡಿಕೊಳ್ಳಿ.

ಎಫ್ ಇಲ್ಲದ 12400 ತಂದು, ಅದೇ ಬೋರ್ಡಿನಲ್ಲಿ ಕೂರಿಸಿ, ಬಯೋಸ್ ಎಂಬ ಬೋರ್ಡಿನ ಸೆಟ್ಟಿಂಗ್ ಪರದೆಯಲ್ಲಿ ಒಳಗಿನ ಗ್ರಾಫಿಕ್ಸ್ ಆನ್ ಮಾಡಿದೆವು. ಹುಡುಗ ಸ್ಪೇಸ್ ಬಾರ್ ಒತ್ತಿದ. ಮೂರು ಗಂಟು ಬಿತ್ತು, ಮೇಲೆ ಅಕ್ಷತೆ ಬಿತ್ತು, ಎಲ್ಲೂ ನಿಲ್ಲಲಿಲ್ಲ.