ಸನ್ನದು ಕೈಯಲ್ಲಿದೆ, ಲಂಡನ್‌ನಲ್ಲಿ ಟ್ರೈನಿಂಗ್ ಕಾಂಟ್ರಾಕ್ಟ್ ಸಿಗುತ್ತದೆಯೇ?

ಪ್ರಶ್ನೆ: ಧಾರವಾಡದಲ್ಲಿ ಐದು ವರ್ಷದ ಬಿಎ ಎಲ್‌ಎಲ್‌ಬಿ ಮುಗಿಸಿ, ಸನ್ನದು (ವಕೀಲಿಕೆಯ ಪರವಾನಗಿ) ಪಡೆದು, ಒಂದು ವರ್ಷದಿಂದ ಸೀನಿಯರ್ ಆಫೀಸಿನಲ್ಲಿದ್ದೇನೆ. ಇಂಗ್ಲೆಂಡಿನಲ್ಲಿ ಸಾಲಿಸಿಟರ್ (ಅಲ್ಲಿನ ಒಂದು ಬಗೆಯ ವಕೀಲ) ಆಗುವ ಆಸೆ. ಅಲ್ಲಿನ ಫರ್ಮ್‌ಗಳ ಟ್ರೈನಿಂಗ್ ಕಾಂಟ್ರಾಕ್ಟಿಗೆ, ಅಂದರೆ ಸಂಬಳ ಸಹಿತ ಎರಡು ವರ್ಷದ ತರಬೇತಿ ಕೆಲಸಕ್ಕೆ, ಇಲ್ಲಿಂದಲೇ ಅರ್ಜಿ ಹಾಕಬಹುದೇ? ಮೊದಲು ಅಲ್ಲಿ ಎಲ್‌ಎಲ್‌ಎಂ (ಕಾನೂನಿನ ಸ್ನಾತಕೋತ್ತರ ಪದವಿ) ಮಾಡಲೇಬೇಕೇ?

ಉತ್ತರ: ಇಲ್ಲಿಂದಲೇ ಹಾಕಬಹುದು, ಎಲ್‌ಎಲ್‌ಎಂ ಕಡ್ಡಾಯವಲ್ಲ. ಆದರೆ ನೀವು ಕೇಳಿರುವುದು ಒಂದಲ್ಲ, ಎರಡು ಪ್ರಶ್ನೆ. ಸಾಲಿಸಿಟರ್ ಆಗುವುದು ಬೇರೆ, ಲಂಡನ್‌ನಲ್ಲಿ ಕೆಲಸ ಸಿಗುವುದು ಬೇರೆ. ಮೊದಲನೆಯದಕ್ಕೆ ನಿಮಗೆ ಟ್ರೈನಿಂಗ್ ಕಾಂಟ್ರಾಕ್ಟೇ ಬೇಕಿಲ್ಲ!

2021ರ ಸೆಪ್ಟೆಂಬರ್‌ನಿಂದ ಅಲ್ಲಿ ಎಸ್‌ಕ್ಯೂಇ (ಸಾಲಿಸಿಟರ್ಸ್ ಕ್ವಾಲಿಫೈಯಿಂಗ್ ಎಕ್ಸಾಮಿನೇಷನ್) ಎಂಬ ಅರ್ಹತಾ ಪರೀಕ್ಷೆ ಬಂದಿದೆ. ಮೊದಲ ಹಂತದಲ್ಲಿ 180 ಪ್ರಶ್ನೆಗಳ ಎರಡು ಪತ್ರಿಕೆ, ಎಲ್ಲವೂ ಸರಿಯುತ್ತರ ಆರಿಸುವ ಬಗೆಯವು. ಎರಡನೇ ಹಂತದಲ್ಲಿ ಕಕ್ಷಿದಾರರ ಸಂದರ್ಶನ, ವಾದ ಮಂಡನೆ, ಡ್ರಾಫ್ಟಿಂಗ್ ಹೀಗೆ 16 ಕೆಲಸಗಳು. ಅವುಗಳಲ್ಲಿ ಬಾಯಿಮಾತಿನ ನಾಲ್ಕಕ್ಕೆ ಅಲ್ಲಿಗೇ ಹೋಗಬೇಕು. ಎರಡೂ ಹಂತದ ಶುಲ್ಕ ಸೇರಿ 4,500 ಪೌಂಡ್ ಮೀರುತ್ತದೆ, ಕೋಚಿಂಗ್ ಖರ್ಚು ಬೇರೆ. ಬರೀ ಪದವಿ ಇದ್ದವರು ಇದರ ಜೊತೆಗೆ ಎರಡು ವರ್ಷದ ಕೆಲಸದ ಅನುಭವ ತೋರಿಸಬೇಕು. ಟ್ರೈನಿಂಗ್ ಕಾಂಟ್ರಾಕ್ಟ್ ಬೇಕಾಗುವುದು ಮುಖ್ಯವಾಗಿ ಅದಕ್ಕೆ. ನೀವು ಸನ್ನದು ಪಡೆದ ವಕೀಲರು, ಆದ್ದರಿಂದ ಆ ಷರತ್ತು ನಿಮಗೆ ಅನ್ವಯಿಸುವುದಿಲ್ಲ. ಪರೀಕ್ಷೆ ಪಾಸು ಮಾಡಿ, ನಡತೆಯ ತಪಾಸಣೆ ಮುಗಿದರೆ ಸಾಲಿಸಿಟರ್ ಆಗಿ ದಾಖಲಾಗಬಹುದು.

ಸನ್ನದು ಇಲ್ಲದ ನಿಮ್ಮ ಸಹಪಾಠಿಗಳಿಗೂ ಒಂದು ಮಾತು. ಆ ಎರಡು ವರ್ಷದ ಅನುಭವ ಇಂಗ್ಲೆಂಡಿನಲ್ಲೇ ಆಗಬೇಕೆಂದಿಲ್ಲ. ಗರಿಷ್ಠ ನಾಲ್ಕು ಕಡೆ ಮಾಡಿದ ಕೆಲಸ ಸೇರಿಸಬಹುದು, ಸಂಬಳ ಇಲ್ಲದ್ದೂ ನಡೆಯುತ್ತದೆ. ತೊಡಕಿರುವುದು ಸಹಿಯಲ್ಲಿ. ಅನುಭವವನ್ನು ದೃಢೀಕರಿಸಬೇಕಾದವರು ಸಾಮಾನ್ಯವಾಗಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸಾಲಿಸಿಟರ್; ಮೂವತ್ತು ವರ್ಷ ಹೈಕೋರ್ಟಿನಲ್ಲಿ ವಾದಿಸಿದ ನಮ್ಮ ಸೀನಿಯರ್ ಸಹಿ ಅದಕ್ಕೆ ಸಾಲದು. ಬೆಂಗಳೂರಿನಲ್ಲಿ ಬ್ರಿಟಿಷ್ ಕಂಪನಿಗಳ ಲೀಗಲ್ ವಿಭಾಗ ಸೇರುವವರು ಇದನ್ನು ಮೊದಲ ದಿನವೇ ಕೇಳಿಕೊಳ್ಳುವುದು ಒಳ್ಳೆಯದು. ಕೆಲಸ ಬಿಟ್ಟ ಮೇಲೆ ಸಹಿಗಾಗಿ ಅಲೆಯುವುದು ಬಹಳ ಕಷ್ಟ.

ಈಗ ಎರಡನೇ ಪ್ರಶ್ನೆ, ಅಂದರೆ ಕೆಲಸ. ಇಲ್ಲಿ ಬಾಗಿಲು ಕಾಯುತ್ತಿರುವುದು ವೀಸಾ. ಫರ್ಮ್ ನಿಮ್ಮನ್ನು ಸ್ಪಾನ್ಸರ್ ಮಾಡಬೇಕಾದರೆ ಅದಕ್ಕೆ ಸರ್ಕಾರದ ಪರವಾನಗಿ ಇರಬೇಕು. 2025ರ ಜುಲೈ 22ರ ನಿಯಮದಂತೆ ಸಂಬಳದ ಸಾಮಾನ್ಯ ಮಿತಿ ವರ್ಷಕ್ಕೆ 41,700 ಪೌಂಡ್, ಹೊಸದಾಗಿ ವೃತ್ತಿಗೆ ಬರುವವರಿಗೆ 33,400. ಲಂಡನ್‌ನ ದೊಡ್ಡ ಕಮರ್ಷಿಯಲ್ ಫರ್ಮ್‌ಗಳು ಟ್ರೈನಿಗಳಿಗೇ 50,000ದ ಆಸುಪಾಸು ಕೊಡುತ್ತವೆ, ಅಲ್ಲಿ ತೊಂದರೆ ಇಲ್ಲ. ಮನೆ ಮಾರಾಟ, ವಿಚ್ಛೇದನ, ಉಯಿಲು ನೋಡುವ ಊರಿನ ಸಣ್ಣ ಫರ್ಮ್‌ಗಳಲ್ಲಿ ಟ್ರೈನಿ ಸಂಬಳ ಎಷ್ಟೋ ಸಲ ಈ ಮಿತಿಗೆ ಎಟುಕುವುದಿಲ್ಲ. ಸ್ಪಾನ್ಸರ್ ಪರವಾನಗಿ ಇರುವವರ ಪಟ್ಟಿಯನ್ನು ಬ್ರಿಟನ್ ಸರ್ಕಾರವೇ ಪ್ರಕಟಿಸುತ್ತದೆ. ಅದರಲ್ಲಿ ಹೆಸರಿಲ್ಲದ ಫರ್ಮಿಗೆ ಅರ್ಜಿ ಬರೆಯುತ್ತ ರಾತ್ರಿ ಕಳೆಯಬೇಡಿ.

ಎಲ್‌ಎಲ್‌ಎಂ ಮಾತು ಬರುವುದೂ ವೀಸಾದ ಕಾರಣಕ್ಕೇ. ಸಾಲಿಸಿಟರ್ ಆಗಲು ಅದರಿಂದ ಯಾವ ವಿನಾಯಿತಿಯೂ ಸಿಗುವುದಿಲ್ಲ. ಸಿಗುವುದು ಸಮಯ: ಓದು ಮುಗಿದ ಮೇಲೆ ಗ್ರಾಜುಯೇಟ್ ವೀಸಾದಲ್ಲಿ ಎರಡು ವರ್ಷ ಅಲ್ಲಿರಬಹುದು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದೂ 18 ತಿಂಗಳಿಗೆ ಇಳಿಯುತ್ತದೆ. ದೊಡ್ಡ ಫರ್ಮ್‌ಗಳಾದರೋ ಸಾಮಾನ್ಯವಾಗಿ ಎರಡು ವರ್ಷ ಮುಂಚೆಯೇ ಆಳು ಆರಿಸಿಕೊಳ್ಳುತ್ತವೆ. ಲೆಕ್ಕ ಹಾಕಿ ನೋಡಿ. ಸೆಪ್ಟೆಂಬರಿನಲ್ಲಿ ಹೋಗಿ, ಒಂದು ವರ್ಷ ಓದಿ, ಆಮೇಲೆ ನಿಧಾನವಾಗಿ ಅರ್ಜಿ ಹಾಕಿದರೆ ಆಫರ್ ಬಂದರೂ ಸೇರುವ ದಿನದೊಳಗೆ ವೀಸಾ ಮುಗಿದಿರುತ್ತದೆ. ಹೋಗುವುದೇ ಆದರೆ ಅರ್ಜಿಗಳು ವಿಮಾನ ಹತ್ತುವ ಮುಂಚೆಯೇ ಸಿದ್ಧವಾಗಿರಲಿ, ಅಲ್ಲಿ ಇಳಿದ ಮೊದಲ ಎರಡು ತಿಂಗಳಲ್ಲಿ ಹೋಗಿಬಿಡಲಿ. ಹೊಲ ಅಡವಿಟ್ಟು ಎಲ್‌ಎಲ್‌ಎಂ ಮಾಡುವವರನ್ನು ಕಂಡಾಗಲೆಲ್ಲ ನನಗೆ ಈ ಕ್ಯಾಲೆಂಡರೇ ಕಣ್ಣ ಮುಂದೆ ಬರುತ್ತದೆ.

ಫಾರ್ಮ್ ತುಂಬುವಾಗ ಎ-ಲೆವೆಲ್ (ನಮ್ಮ ಪಿಯುಸಿ ಮಟ್ಟದ ಅಲ್ಲಿನ ಪರೀಕ್ಷೆ) ಅಂಕ ಕೇಳುತ್ತಾರೆ. ಅಲ್ಲಿ ಪಿಯುಸಿ ಅಂಕಗಳನ್ನು ಮಾರ್ಕ್ಸ್ ಕಾರ್ಡಿನಲ್ಲಿ ಇರುವಂತೆಯೇ ಬರೆಯಿರಿ, ನೀವೇ ಅಲ್ಲಿನ ಗ್ರೇಡಿಗೆ ಬದಲಿಸಬೇಡಿ. ಎಲ್‌ಎಲ್‌ಬಿಯ ಶೇಕಡಾ 62 ನೋಡಿ ಕಡಿಮೆ ಎನ್ನಿಸಿದರೆ, ನಮ್ಮಲ್ಲಿ 60ಕ್ಕೇ ಫಸ್ಟ್ ಕ್ಲಾಸ್ ಎಂದು ಒಂದು ಸಾಲು ಸೇರಿಸಿ. ತರಗತಿಯಲ್ಲಿ ರ‍್ಯಾಂಕ್ ಇದ್ದರೆ ಅದನ್ನೂ ಹೇಳಿ.

ಅನುಭವದ ಭಾಗದಲ್ಲಿ ನಮ್ಮವರು ಕೈಬಿಡುವುದೇ ಒಳ್ಳೆಯ ಸರಕನ್ನು. ಒಬ್ಬ ಹುಡುಗಿಯ ಕರಡು ನೋಡಿದ್ದೆ, ‘ಸಿವಿಲ್ ಕೇಸುಗಳಲ್ಲಿ ಸೀನಿಯರ್‌ಗೆ ನೆರವು’ ಎಂದಷ್ಟೇ ಬರೆದಿದ್ದಳು. ಏನು ಮಾಡಿದೆಯಮ್ಮಾ ಎಂದು ಕೇಳಿದರೆ, ಹನ್ನೆರಡು ಎಕರೆಯ ಪಹಣಿ, ಮ್ಯುಟೇಷನ್, ಹಳೆಯ ಕ್ರಯಪತ್ರ ಎಲ್ಲ ಕನ್ನಡದಲ್ಲಿ ಓದಿ, ಬ್ಯಾಂಕಿಗಾಗಿ ಇಂಗ್ಲಿಷಿನಲ್ಲಿ ಟೈಟಲ್ ರಿಪೋರ್ಟ್ (ಜಮೀನಿನ ಒಡೆತನದ ವರದಿ) ಬರೆದಿದ್ದಳಂತೆ. ಒಂದು ಕಡೆ ವಿಸ್ತೀರ್ಣ ತಾಳೆಯಾಗದ್ದನ್ನು ಹಿಡಿದದ್ದೂ ಅವಳೇ. ಲಂಡನ್‌ನ ಟ್ರೈನಿ ರಿಯಲ್ ಎಸ್ಟೇಟ್ ವಿಭಾಗದಲ್ಲಿ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ‘ಅಂತರರಾಷ್ಟ್ರೀಯ ಅನುಭವಕ್ಕಾಗಿ ನಿಮ್ಮ ಫರ್ಮ್’ ಎಂಬ ಸಾಲು ತೆಗೆದು ಇದನ್ನು ಹಾಕಿಸಿದೆ.

ಟ್ರೈನಿಂಗ್ ಕಾಂಟ್ರಾಕ್ಟ್ ಕೊಡಿಸುತ್ತೇವೆಂದು ದುಡ್ಡು ಕೇಳುವ ಏಜೆಂಟರಿಂದ ದೂರವಿರಿ. ಫರ್ಮ್‌ಗಳು ಅರ್ಜಿಗೆ ಶುಲ್ಕ ಕೇಳುವುದಿಲ್ಲ.

ಇನ್ನು ಆಫರ್ ಬಂದರೆ, ಸಂಭ್ರಮದಲ್ಲಿ ಸನ್ನದು ಮರೆಯಬೇಡಿ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 49ನೇ ನಿಯಮದ ಪ್ರಕಾರ ವಕೀಲರು ಪೂರ್ಣಾವಧಿ ಸಂಬಳದ ಕೆಲಸ ಮಾಡುವಂತಿಲ್ಲ. ಹೊರಡುವ ಮುನ್ನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ತಿಳಿಸಿ ಸನ್ನದನ್ನು ಅಮಾನತಿನಲ್ಲಿಡಿಸಿ, ಆ ಪತ್ರದ ಪ್ರತಿಯೊಂದನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ.